ತುಂಡು ತುಂಡಾಗಿ ಬಂದ ದನಿ

ಕಂಪ್ಯೂಟರ್ ಪರದೆಯ ನೀಲಿ ಪಟ್ಟಿ ಮತ್ತೆ ನಿಂತಿತಲ್ಲ, ಮುಕ್ಕಾಲು ದೂರ ತೆವಳಿ ಬಂದದ್ದು, ಈಗ ಅಷ್ಟೂ ಅಳಿಸಿಹೋಗಿ ಮೊದಲಿನಿಂದ — ಶಂಕರನಾರಾಯಣ ಶಾಸ್ತ್ರಿಗಳು ಮಗಳು ತನ್ಮಯಿಯ ಬೆನ್ನ ಹಿಂದೆ ನಿಂತು ಒದ್ದೆ ಪಂಚೆಯ ಅಂಚು ಹಿಂಡಿಕೊಂಡರು, ಅತ್ತ ಹರಿಶ್ಚಂದ್ರ ಘಾಟ್‌ನಲ್ಲಿ ಚಿತೆ ಒಟ್ಟಿ ಆಗಿದೆ, ವಿಷ್ಣುತೀರ್ಥರ ದೇಹ ಬಿಸಿಲಲ್ಲಿದೆ, ಇತ್ತ ಬಂಗಾಲಿ ಟೋಲಾ ಗಲ್ಲಿಯ ಈ ಕೋಣೆಯಲ್ಲಿ ಎಲ್ಲವೂ ಒಂದು ಪಟ್ಟಿಗೆ ಕಾದಿದೆ. ಪಾಪ, ಹೆಂಡತಿ ಶ್ರೀರಮಾ ಜೊತೆ ಯಾತ್ರೆಗೆ ಬಂದವರು, ನಿನ್ನೆ ಗಂಗೆಯಲ್ಲಿ ಮಿಂದು ಲಾಡ್ಜಿಗೆ ಹೋಗಿ ಎದೆ ಹಿಡಿದು ಕೂತವರು ಏಳಲೇ ಇಲ್ಲ, ಲಿಂಗಸುಗೂರಿನಾಚೆಯ ಹಳ್ಳಿಯಲ್ಲಿ ಹಾಸಿಗೆ ಹಿಡಿದ ಅವರ ತಾಯಿ, ಬೆಂಕಿ ಇಡೂಕಿಂತ ಮೊದಲ ಅವನ ಕಿವ್ಯಾಗ ನಂದೊಂದು ಮಾತು ಹಾಕ್ರಿ ಅಂದಳಂತೆ, ಫೋನು ಹಚ್ಚಿದರೆ ಮಾತು ಕಡಿದು ಕಡಿದು ಹೋಗುತ್ತದೆ, ಅದಕ್ಕೇ ನೆರೆಮನೆಯ ಅಮರಯ್ಯ ಆಕೆಯ ಮಾತನ್ನು ವಿಡಿಯೊ ಮಾಡಿ, ವಾಟ್ಸಾಪಿನಲ್ಲಿ ಕಳಿಸಹೋಗಿ ಸೋತು, ಈಗ ತನ್ಮಯಿಯ ವೆಬ್‌ಸೈಟಿಗೆ ಹಾಕಲು ಹೆಣಗುತ್ತಿದ್ದಾನೆ — ಅದನ್ನು ಕಟ್ಟುವಾಗ ಶಾಸ್ತ್ರಿಗಳು ನಕ್ಕಿದ್ದರು, ಊರಿನವರು ಫೋಟೊ ಕಾಗದಪತ್ರ ಇಲ್ಲೇ ಹಾಕಲಿ ಅಪ್ಪ, ಕರ್ಮದ ವಿಡಿಯೊ ಇಲ್ಲಿಂದಲೇ ಇಳಿಸಿಕೊಳ್ಳಲಿ ಅಂತ ಅವಳು ಅಂದಾಗ, ಗಂಗೆಗೆ ಬಾರದವರಿಗೆ ಕಂಪ್ಯೂಟರ್ ಸ್ನಾನವೇನಮ್ಮ ಅಂದಿದ್ದರು.

ಫೋನು ಕಿಣಿಗುಟ್ಟಿತು, ತೀರಿಕೊಂಡವರ ತಮ್ಮ ಈಶ, ಬೆಳಿಗ್ಗೆ ವಿಮಾನದಲ್ಲಿ ಬಂದಿಳಿದವನು, ಶಾಸ್ತ್ರಿಗಳೇ, ಹೆಣ ಸುಡೋ ಡೋಮ್ ಅವಸರ ಮಾಡಲಿಕ್ಕ ಹತ್ಯಾನ, ಸಾಕು ಬಿಡ್ರಿ ಅನ್ನಲೇನು ನಮ್ಮವ್ವಗ — ಏಕ್ ಮಿನಿಟ್ ಅಂತ ಹೇಳಿ ಅಪ್ಪ, ಪೂರಾ ಒಂದೇ ಸಲ ಕಳಿಸಿದರೆ ನೆಟ್ ಹೋದಾಗ ಪೂರಾ ಹೋಗುತ್ತೆ, ತುಂಡು ಮಾಡಿ ತರಿಸೋಣ, ಬಂದ ತುಂಡು ಇಲ್ಲೇ ಉಳಿಯುತ್ತೆ, ಬಾಕಿಯದ್ದು ಮಾತ್ರ ಮತ್ತೆ ಕೇಳೋಣ — ಅರ್ಧ ಬರೆದಿಟ್ಟಿದ್ದ ಕಂಪ್ಯೂಟರ್ ಕೋಡ್, ಈಗ ಅವಳ ಬೆರಳುಗಳು ಅದನ್ನು ಮುಗಿಸುತ್ತಿವೆ, ಎಂಥ ಬೆರಳುಗಳು, ಸ್ವಲ್ಪವೂ ನಡುಗವು, ಮಂತ್ರವನ್ನು ಪದಪದವಾಗಿ ಒಡೆದು ಒಂದು ಸ್ವರವೂ ಕಳೆಯದಂತೆ ಮತ್ತೆ ಕೂಡಿಸುವುದನ್ನು ಕಲಿಯಲು ಶಾಸ್ತ್ರಿಗಳಿಗೆ ಹರೆಯವೆಲ್ಲ ಹಿಡಿದಿತ್ತು, ಇವಳು ನೋಡು, ಹಳ್ಳಿಗೆ ಫೋನು ಹಚ್ಚಿದಳು, ಅಮರಯ್ಯಾ ಅಂಕಲ್, ಪೇಜ್ ಒಂದ್ಸಲ ಮುಚ್ಚಿ ತೆರೀರಿ, ಅದೇ ವಿಡಿಯೊ ಮತ್ತೆ ಹಾಕಿ, ಹಾಂ, ಈಗ ನೆಟ್ ಹೋದರೂ ಹೆದರಬೇಡಿ. ಪಟ್ಟಿ ಹೊರಟಿತು, ನಿಂತಿತು, ಅಳಿಸಿಹೋಗಲಿಲ್ಲ, ನಿಂತಲ್ಲಿಂದಲೇ ಮುಂದೆ, ಮತ್ತೆ ನಿಂತು ಮತ್ತೆ ಅಲ್ಲಿಂದಲೇ, ತುದಿ ಮುಟ್ಟಿತು — ಅಯ್ಯೋ ನನ್ನ ತಾಯಿ, ಕೇಳಿ ನೋಡಮ್ಮ, ಸರಿ ಬಂದಿದೆಯಾ ಅಂತ. ಬೇಡ ಅಪ್ಪ, ಅದು ಅವರ ಮಗನಿಗೆ ಬಂದದ್ದು, ಅಲ್ಲಿಂದ ಹೊರಟದ್ದೂ ಇಲ್ಲಿಗೆ ಬಂದದ್ದೂ ಒಂದೇ ಇದೆ, ಕಂಪ್ಯೂಟರೇ ತಾಳೆ ನೋಡಿದೆ, ಶ್ರೀರಮಾ ಆಂಟಿ ಹೆಸರಿಗೆ ಮಾತ್ರ ತೆರೆಯುತ್ತೆ, ಬೇರೆ ಯಾರಿಗೂ ಇಲ್ಲ, ನನಗೂ ಇಲ್ಲ. ನನಗೂ ಇಲ್ಲ ಅಂದಳು, ತಾನೇ ಕಟ್ಟಿದ ಬಾಗಿಲಿಗೆ ತನ್ನನ್ನೂ ಹೊರಗಿಟ್ಟು ಬೀಗ ಹಾಕಿದ ಹುಡುಗಿ, ಇದನ್ನು ಯಾರು ಕಲಿಸಿದರು ಇವಳಿಗೆ, ನಾನಂತೂ ಅಲ್ಲ.

ಶಾಸ್ತ್ರಿಗಳು ಘಾಟಿಗೆ ಓಡಿದರು, ಗಲ್ಲಿ, ದನ, ಹಟೋ ಭೈಯ್ಯಾ, ಹೂವಿನ ಬುಟ್ಟಿ, ಮೆಟ್ಟಿಲು, ಹೊಗೆ, ಶ್ರೀರಮಾ ಗಂಡನ ತಲೆಯ ಬಳಿ ಕೂತಿದ್ದಾಳೆ, ಬರಬೇಡ ಅಂದವರ ಮಾತು ಕೇಳದೆ ಬಂದವಳು, ಬಂತಮ್ಮ, ನಿನ್ನ ಫೋನಿನಲ್ಲೇ ತೆರೆ, ಡೌನ್‌ಲೋಡ್ ಅಂತ ಇದೆಯಲ್ಲ ಅದನ್ನು ಒತ್ತು, ಇಳಿಯಿತು, ಅತ್ತೆಯ ಮುಖ ಗಾಜಿನಲ್ಲಿ ಮೂಡಿತು, ಇನ್ನೇನು ಶುರು ಮಾಡಬೇಕು, ಅವಳು ತಡೆದಳು, ಯಾಕಮ್ಮ, ತಡೀರಿ ಅಂದಳು, ಬಾಗಿದಳು, ಗಂಡನ ಕಿವಿಯಲ್ಲಿ ತುರುಕಿದ್ದ ಹತ್ತಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ತೆಗೆದಳು — ಶಾಸ್ತ್ರಿಗಳು ಹೊಳೆಯ ಕಡೆ ತಿರುಗಿದರು, ಮಂತ್ರ ಎಲ್ಲಿಂದ ಹಿಡಿಯಬೇಕು, ತನ್ಮಯಿಗೆ ಹೇಳಬೇಕು, ತಲುಪಿತು ಅಂತ, ಏನು ಹೇಳುವುದು, ಎರಡು ಬೆರಳು, ಬಿಳಿ ಹತ್ತಿ, ಮಂತ್ರ ಎಲ್ಲಿಂದ, ಎರಡು ಬೆರಳ ನಡುವೆ ಬಿಳಿ ಹತ್ತಿ