ಇನ್ನೂರೈವತ್ತಾರು ನಂಬರಿನ ಚಕ್ಕುಬಂದಿ

ಚನ್ನಪಟ್ಟಣದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿಗೆ ಪತ್ರಬರಹಗಾರರ ಅಂಗಡಿಗಳು ಸಾಲಾಗಿವೆ. ಮೂರನೆಯದು ನನ್ನದು. ಹೆಸರು ನಜೀರ್. ಇಪ್ಪತ್ತೆಂಟು ವರ್ಷದಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದುಕೊಂಡು ಬಂದಿದ್ದೇನೆ. ಸಾಬರ ಕೈಯಲ್ಲಿ ಇಂಥ ಕನ್ನಡವೇ ಎಂದು ಯಾರಾದರೂ ಹುಬ್ಬೇರಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ದಸ್ತಾವೇಜು, ತಕರಾರು, ಖುಲಾಸೆ, ಇವೆಲ್ಲ ನಮ್ಮ ಮನೆಯ ಮಾತಿನಿಂದಲೇ ಹೋಗಿ ನಿಮ್ಮ ಕಡತದಲ್ಲಿ ಕೂತ ಪದಗಳು ಸ್ವಾಮಿ, ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ.

ಈ ಸಾಲಿನಲ್ಲಿ ನನಗೆ ಎರಡು ಕಾರಣಕ್ಕೆ ಹೆಸರಿದೆ. ಒಂದು, ಹೆಣ್ಣುಮಕ್ಕಳ ಹಕ್ಕು ಖುಲಾಸೆ ಪತ್ರ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಸಿ, ಸೀರೆ, ಅರಿಶಿನ, ಕುಂಕುಮ ಕೊಟ್ಟು, ಆಸ್ತಿಯಲ್ಲಿ ನನಗೆ ಭಾಗ ಬೇಡ ಎಂದು ಸಹಿ ಹಾಕಿಸುತ್ತಾರಲ್ಲ, ಅದು. ಅದರಲ್ಲಿ ನಾನೊಂದು ವಾಕ್ಯ ಸೇರಿಸುತ್ತೇನೆ: ‘ಮುಂದೆ ತಂದೆಯವರ ಹೆಸರಿನಲ್ಲಿ ಎಲ್ಲೇ ಯಾವುದೇ ಸ್ವತ್ತು ಕಂಡುಬಂದರೂ ಅದಕ್ಕೂ ಈ ಖುಲಾಸೆ ಅನ್ವಯಿಸತಕ್ಕದ್ದು.’ ಮಿಕ್ಕ ಬರಹಗಾರರೆಲ್ಲ ಇದನ್ನು ಕದ್ದು ಬರೆಯುತ್ತಾರೆ. ಎರಡನೆಯದು ನನ್ನ ಓದು. ಸಹಿಗೆ ಮುಂಚೆ ಪತ್ರವನ್ನು ಓದಿ ಹೇಳಬೇಕು. ನಾನು ತಪ್ಪದೆ ಓದುತ್ತೇನೆ. ಎಂಟು ಪುಟಕ್ಕೆ ನನಗೆ ಬೇಕಾಗುವುದು ಮೂರು ನಿಮಿಷ. ಕೇಳಿದವರಿಗೆ ಏನೋ ಓದಿದರು ಎಂದು ಗೊತ್ತಾಗುತ್ತದೆ, ಏನು ಓದಿದರು ಎಂದು ಗೊತ್ತಾಗುವುದಿಲ್ಲ.

ಮಾರ್ಚ್ ತಿಂಗಳ ಮೊದಲ ವಾರ ಬೈರಾಪಟ್ಟಣದ ಮರಿಸ್ವಾಮಿ, ಪ್ರಭುಲಿಂಗ ಇಬ್ಬರೂ ನನ್ನ ಅಂಗಡಿ ಹತ್ತಿದರು. ಮರಿಸ್ವಾಮಿ ಮಾಜಿ ಗ್ರಾಮ ಪಂಚಾಯ್ತಿ ಮೆಂಬರು. ತಮ್ಮ ಪ್ರಭುಲಿಂಗನಿಗೆ ಗೊಬ್ಬರದ ಅಂಗಡಿ. ಇಬ್ಬರೂ ದಿವಂಗತ ಗಂಗಯ್ಯನವರ ಮಕ್ಕಳು.

“ನಜೀರಣ್ಣ, ಫಾರಿನ್ನಲ್ಲಿ ನಮ್ಮಪ್ಪನ ಹೆಸ್ರಲ್ಲಿ ಆಸ್ತಿ ಐತೆ ಕಣಣ್ಣ” ಎಂದ ಪ್ರಭುಲಿಂಗ, ಕೊರಿಯರಿನಲ್ಲಿ ಬಂದ ಕಾಗದವನ್ನು ಮೇಜಿನ ಮೇಲಿಡುತ್ತ.

“ಲೇ, ಅಪ್ಪ ದಸರಾ ನೋಡಕ್ಕೆ ಮೈಸೂರಿಗೇ ಓಗ್ನಿಲ್ಲ, ಫಾರಿನ್ನಿಗೆ ಯಾವಾಗ ಓಗಿದ್ನಲಾ?” ಎಂದ ಮರಿಸ್ವಾಮಿ. ಆದರೂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

ಕಾಗದ ಇಂಗ್ಲಿಷಿನಲ್ಲಿತ್ತು. ಇಂಟರ್ನೆಟ್ಟಿಗೆ ಸೇರುವ ಯಂತ್ರಗಳಿಗೆ ನಂಬರು ಹಂಚುವ ಹೊರದೇಶದ ಒಂದು ಸಂಸ್ಥೆ ಬರೆದದ್ದು. ೧೯೯೪ರಲ್ಲಿ ಬೈರಾಪಟ್ಟಣದ ‘ಗಂಗಯ್ಯ ಕಂಪ್ಯೂಟರ್ ಸೆಂಟರ್’ ಹೆಸರಿಗೆ ಇನ್ನೂರೈವತ್ತಾರು ನಂಬರು ಕೊಟ್ಟಿದ್ದಾರೆ. ಆ ಕಾಲದಲ್ಲಿ ಕರಾರು ಗಿರಾರು ಏನೂ ಇರಲಿಲ್ಲ, ಕೇಳಿದವರಿಗೆ ಪುಕ್ಕಟೆ ಕೊಟ್ಟರು. ಈಗ ಅಂಥ ಹಳೆಯ ನಂಬರುಗಳನ್ನೆಲ್ಲ ಒಂದು ಸೇವಾ ಒಪ್ಪಂದಕ್ಕೆ ಸಹಿ ಹಾಕಿ ನೋಂದಾಯಿಸಿಕೊಳ್ಳಬೇಕು. ತಿಂಗಳ ಕೊನೆಯೊಳಗೆ ಸಹಿ ಆಗದಿದ್ದರೆ ದಾಖಲೆ ನಿಂತುಹೋಗುತ್ತದೆ, ಆಮೇಲೆ ಆ ನಂಬರುಗಳ ಮೇಲೆ ಸಂಪರ್ಕ ನಡೆಯುತ್ತದೆಂದು ಯಾರೂ ಭರವಸೆ ಕೊಡುವುದಿಲ್ಲ.

“ಈಗ ಒಸ ನಂಬರು ಸಿಗಾಕಿಲ್ವಂತೆ. ಅಳೇವಕ್ಕೆ ಒಳ್ಳೆ ರೇಟಂತೆ. ರಾಮನಗರದ ದಲ್ಲಾಳಿ ಏಳ್ದ” ಎಂದ ಪ್ರಭುಲಿಂಗ.

ಈ ನಂಬರು ಯಾರು ತಂದದ್ದು ಎಂದು ಊರಿಗೆಲ್ಲ ಗೊತ್ತು. ಗಂಗಯ್ಯನವರ ಮಗಳು, ಇವರಿಬ್ಬರ ಅಕ್ಕ ಗಿರಿಜಾಂಬ. ಬಿ.ಎಸ್ಸಿ. ಮುಗಿಸಿ, ಮನೆಯ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು ಪಾಠ ಹೇಳುತ್ತಿದ್ದವಳು. ಯಾರಿಂದಲೋ ತಿಳಿದುಕೊಂಡು, ತಾನೇ ಅರ್ಜಿ ಟೈಪು ಮಾಡಿ ಕಳಿಸಿ ಈ ನಂಬರು ತರಿಸಿದ್ದಳು. ಬೋರ್ಡಿಗೆ ಮಾತ್ರ ಅಪ್ಪನ ಹೆಸರು. ಯಾಕೆಂದರೆ ಫೋನು ಅಪ್ಪನ ಹೆಸರಲ್ಲಿತ್ತು, ಕರೆಂಟಿನ ಮೀಟರು ಅಪ್ಪನ ಹೆಸರಲ್ಲಿತ್ತು. ನಮ್ಮ ಕಡೆ ಮನೆಗೊಂದು ಎಮ್ಮೆ ಬಂದರೂ ಅಪ್ಪನ ಹೆಸರಲ್ಲೇ ಬರುತ್ತದೆ. ಗಂಗಯ್ಯನವರು ಸಾಯುವ ತನಕ ಕಂಪ್ಯೂಟರನ್ನು ಟೀವಿ ಎಂದೇ ಕರೆದರು, ಇದರಲ್ಲಿ ವಾರ್ತೆ ಬರುವುದಿಲ್ಲ ಎಂದು ಬೈದರು.

ಗಂಡ ತೀರಿಹೋದ ಮೇಲೆ ಗಿರಿಜಾಂಬ ಚನ್ನಪಟ್ಟಣದಲ್ಲಿ ಒಂದು ಬೊಂಬೆ ಅಂಗಡಿಯ ಮಹಡಿ ಮೇಲೆ ಕೋಣೆ ಹಿಡಿದಳು. ಕಂಬ ಹತ್ತಿ ವೈರು ಎಳೆಯುವ ಸಾಬೀರನನ್ನು ಜೊತೆಗಿಟ್ಟುಕೊಂಡು ನೂರ ಅರವತ್ತು ಮನೆಗೆ ಇಂಟರ್ನೆಟ್ಟು ಕೊಟ್ಟಿದ್ದಾಳೆ. ನಮ್ಮ ಬೊಂಬೆ ಕೆಲಸದವರು ದೂರದ ವ್ಯಾಪಾರಿಗಳಿಗೆ ವಿಡಿಯೋದಲ್ಲಿ ಬೊಂಬೆ ತೋರಿಸುವುದು, ರೇಷ್ಮೆ ಬಿಚ್ಚುವ ಮನೆಗಳಲ್ಲಿ ಗೂಡಿನ ಧಾರಣೆ ನೋಡುವುದು, ನನ್ನ ಅಂಗಡಿಯಿಂದ ಕಚೇರಿಗೆ ಅರ್ಜಿ ಹೋಗುವುದು, ಎಲ್ಲ ಅವಳ ಆ ಇನ್ನೂರೈವತ್ತಾರು ನಂಬರುಗಳ ಮೇಲೆಯೇ. ಅವು ಹೋದರೆ ಅವಳ ಮೂವತ್ತು ವರ್ಷದ ಕೆಲಸವೂ ಹೋದ ಹಾಗೆ.

“ಗಿರಿಜಮ್ಮನ್ನ ಒಂದ್ ಮಾತು ಕೇಳ್ಬೇಕಲ್ವೇನ್ರಪ್ಪ?” ಎಂದೆ.

“ಅವ್ಳು ಎರಡ್ಸಾವ್ರದ ಒಂಬತ್ರಲ್ಲೇ ಖುಲಾಸೆ ಬರ್ಕೊಟ್ಟವ್ಳೆ. ಮುಂದೆ ಏನ್ ಸಿಕ್ರೂ ಬ್ಯಾಡ ಅಂತ. ಬರ್ದೋನು ನೀನೇ ಅಲ್ವಾ?” ಎಂದ ಮರಿಸ್ವಾಮಿ.

ಹೌದು, ನಾನೇ. ನನ್ನ ವಾಕ್ಯ ಹದಿನಾರು ವರ್ಷದ ಮೇಲೆ, ಕಣ್ಣಿಗೇ ಕಾಣದ ಆಸ್ತಿಯ ಮೇಲೂ ಕೆಲಸ ಮಾಡುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಇದನ್ನು ಹೇಳಿಕೊಳ್ಳುವುದಕ್ಕೆ ಈಗ ನಾಚಿಕೆಯಾಗುತ್ತದೆ, ಆದರೆ ಹಿಗ್ಗಿದ್ದು ನಿಜ.

ಒಪ್ಪಂದಕ್ಕೆ ಮುಂಚೆ ಆ ಸಂಸ್ಥೆಯವರು ಕೇಳಿದ್ದು ಒಂದು ಪುಟದ ಫಾರಂ. ಒಂದು ಪುಟದ ಕೆಲಸ ಮಾಡಿ ಕಳಿಸಿದರೆ ನನ್ನ ಮರ್ಯಾದೆ ಏನಾಗಬೇಕು? ಕಡತ ಕಟ್ಟಿದೆ. ಗಂಗಯ್ಯನವರ ಮರಣಪತ್ರ, ಗ್ರಾಮ ಲೆಕ್ಕಿಗರ ಸಹಿಯ ವಂಶವೃಕ್ಷ, ಖುಲಾಸೆ ಪತ್ರದ ನಕಲು, ಇಬ್ಬರ ಅಫಿಡವಿಟ್ಟು. ವಂಶವೃಕ್ಷದಲ್ಲಿ ಗಂಡುಮಕ್ಕಳಿಬ್ಬರ ಹೆಸರು ಮಾತ್ರ ಇತ್ತು. ಖುಲಾಸೆ ಕೊಟ್ಟ ಹೆಣ್ಣುಮಕ್ಕಳನ್ನು ಆಮೇಲಿನ ವಂಶವೃಕ್ಷದಿಂದ ಬಿಟ್ಟುಬಿಡುವುದು ಇಲ್ಲಿನ ರೂಢಿ. ಯಾರೂ ತಪ್ಪು ಎನ್ನುವುದಿಲ್ಲ, ನಾನೂ ಅನ್ನಲಿಲ್ಲ.

ಕೊನೆಗೆ ಸ್ವತ್ತಿನ ವಿವರದ ಷೆಡ್ಯೂಲು ಬರೆಯುವಾಗ ಕೈ ನಿಂತಿತು. ಸ್ವತ್ತು ಎಂದ ಮೇಲೆ ಚಕ್ಕುಬಂದಿ ಬೇಕು. ನಾಲ್ಕು ದಿಕ್ಕಿಗೂ ಯಾರ ಯಾರ ಸ್ವತ್ತಿದೆ ಎಂದು ಬರೆಯದ ಪತ್ರವನ್ನು ನಾನು ಜನ್ಮದಲ್ಲಿ ಬರೆದವನಲ್ಲ. ಸಾಬೀರನಿಗೆ ಫೋನು ಮಾಡಿದೆ.

“ಸಾಬೀರ್, ನಿಮ್ಮ ಗಿರಿಜಮ್ಮನ ನಂಬರಿನ ಅಕ್ಕಪಕ್ಕ ಯಾರವ್ರೆ?”

“ಯಾಕೆ ಭಾಯ್? ಹಿಂದ್ಗಡೆ ನಂಬ್ರು ಯಾವ್ದೋ ಯೂನಿವರ್ಸಿಟಿದು, ಮುಂದ್ಗಡೇದು ಒಂದು ಎಣ್ಣೆ ಕಂಪ್ನೀದು.”

“ಉತ್ತರಕ್ಕೆ? ದಕ್ಷಿಣಕ್ಕೆ?”

“ಭಾಯ್, ಹುಷಾರಾಗಿದೀರಾ?” ಎಂದ ಸಾಬೀರ್.

ಪೂರ್ವಕ್ಕೆ ಯೂನಿವರ್ಸಿಟಿ, ಪಶ್ಚಿಮಕ್ಕೆ ಎಣ್ಣೆ ಕಂಪನಿ ಎಂದು ಬರೆದೆ. ಉತ್ತರ ದಕ್ಷಿಣ ಖಾಲಿ ಬಿಟ್ಟರೆ ಯಾರಾದರೂ ಒತ್ತುವರಿ ಮಾಡುತ್ತಾರೆ ಎಂದು ಮರಿಸ್ವಾಮಿ ಹಟ ಹಿಡಿದ. ಎರಡೂ ಕಡೆಗೆ ‘ಸರ್ಕಾರಿ ಬಯಲು’ ಎಂದು ಹಾಕಿದೆ. ಹದಿನೇಳು ಪುಟ ಸ್ಕ್ಯಾನಾಗಿ ಹೋಯಿತು. ಹೋದದ್ದು ಗಿರಿಜಾಂಬಳ ನೆಟ್ಟಿನ ಮೇಲೆಯೇ.

ಹತ್ತು ದಿನಕ್ಕೆ ಉತ್ತರ ಬಂತು. ಬಹಳ ಮರ್ಯಾದೆಯಿಂದ ಬರೆದಿದ್ದರು. ನಿಮ್ಮ ಹದಿನೇಳು ಪುಟ ತಲುಪಿದೆ. ಸರ್ಕಾರಿ ಬಯಲು ಎಂದರೇನೆಂದು ನಮಗೆ ತಿಳಿಯಲಿಲ್ಲ. ಇದೇ ನಂಬರುಗಳಿಗೆ ಗಿರಿಜಾಂಬ ಎಂಬವರು ಮೊದಲೇ ಒಂದು ಪುಟದ ಫಾರಂ ಕಳಿಸಿದ್ದಾರೆ. ನಿಮ್ಮಿಂದ ಬೇರೆ ಕೋರಿಕೆ ಬಂದದ್ದರಿಂದ ಅವರದನ್ನೂ ತಡೆಹಿಡಿದಿದ್ದೇವೆ. ಎರಡು ಕಡೆಯವರೂ ಒಮ್ಮತಕ್ಕೆ ಬಂದು ಬರೆಯಿರಿ. ಕಡೆಯ ದಿನಾಂಕ ಬದಲಾಗುವುದಿಲ್ಲ. ಕೊನೆಗೊಂದು ಪ್ರಶ್ನೆ ಇತ್ತು: ‘ಮೂವತ್ತು ವರ್ಷದಿಂದ ನಮ್ಮ ದಾಖಲೆಯಲ್ಲಿ ಈ ಸೆಂಟರನ್ನು ನಡೆಸುವವರೆಂದು ಇರುವುದು ಗಿರಿಜಾಂಬ ಅವರ ಹೆಸರು. ನೀವು ಕಳಿಸಿದ ಕುಟುಂಬದ ಪಟ್ಟಿಯಲ್ಲಿ ಆ ಹೆಸರಿಲ್ಲ. ಗಿರಿಜಾಂಬ ಯಾರು?’

ಇದನ್ನು ಕನ್ನಡಕ್ಕೆ ಮಾಡಿ ಹೇಳಿದೆ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಕ್ಕನ್ನ ಕರ್ಸದು” ಎಂದ ಮರಿಸ್ವಾಮಿ. “ಇನ್ನೊಂದ್ ಖುಲಾಸೆ ಬರೀ ನಜೀರಣ್ಣ. ಸೀರೆ ನಾನ್ ತತ್ತೀನಿ.”

ಮಾರ್ಚ್ ಇಪ್ಪತ್ತೆಂಟಕ್ಕೆ ಗಿರಿಜಾಂಬ ಬಂದಳು. ಕೂದಲು ಬೆಳ್ಳಗಾಗಿತ್ತು, ಹೆಗಲಿಗೆ ಲ್ಯಾಪ್‌ಟಾಪಿನ ಚೀಲ. ಮೇಜಿನ ಮೇಲೆ ತಟ್ಟೆ ಸಿದ್ಧವಾಗಿತ್ತು. ಹಸಿರು ಸೀರೆ, ಅರಿಶಿನ ಕುಂಕುಮ, ಒಂದು ಚಿಪ್ಪು ಬಾಳೆಹಣ್ಣು. ಎರಡು ಸಾವಿರದ ಒಂಬತ್ತರಲ್ಲೂ ಇದೇ ಮೇಜು, ಇದೇ ಥರದ ತಟ್ಟೆ. ಆವತ್ತು ನನ್ನ ಮೂರು ನಿಮಿಷದ ಓದು ಮುಗಿದ ಮೇಲೆ ಅವಳು ಪೆನ್ನು ಹಿಡಿದು, “ಏನ್ ಬರ್ದಿದೀರಿ ನಜೀರಣ್ಣ?” ಎಂದು ಕೇಳಿದ್ದಳು. ನಾನು, “ಮಾಮೂಲಿ ಕಣಮ್ಮ” ಎಂದಿದ್ದೆ. ಬೈರಾಪಟ್ಟಣದ ತೆಂಗಿನ ತೋಟ, ಮನೆ, ಎಲ್ಲ ಆ ಒಂದು ಮಾತಿನಲ್ಲಿ ಮುಗಿದಿತ್ತು.

“ಅಕ್ಕ, ಇಲ್ಲೊಂದು ಸೈನ್ ಆಕ್ಬುಡು, ಊಟಕ್ಕೆ ಓಗಾವ” ಎಂದ ಪ್ರಭುಲಿಂಗ.

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಚೀಲದಿಂದ ಹದಿನಾಲ್ಕು ಪುಟದ ಕಾಗದ ತೆಗೆದಳು. ಸಂಸ್ಥೆಯವರ ಸೇವಾ ಒಪ್ಪಂದ. “ನಜೀರಣ್ಣ, ಸೈನ್ ಮಾಡೋಕೆ ಮುಂಚೆ ಓದಿ ಹೇಳ್ಬೇಕಲ್ವಾ? ಮೊದ್ಲು ಇದ್ನ ಓದಿ. ಕನ್ನಡದಲ್ಲಿ ಹೇಳಿ, ನಿಧಾನಕ್ಕೆ.”

ಇಂಗ್ಲಿಷನ್ನು ವೇಗವಾಗಿ ಓದುವುದು ನನಗೆ ಬರುವುದಿಲ್ಲ. ಒಂದೊಂದು ಸಾಲಿಗೂ ನಿಂತು, ಅರ್ಥ ಮಾಡಿಕೊಂಡು ಹೇಳುತ್ತ ಹೋದೆ. ಸಹಿ ಹಾಕಿದವರು ವರ್ಷ ವರ್ಷ ಶುಲ್ಕ ಕಟ್ಟಬೇಕು. ಈ ನಂಬರುಗಳಿಂದ ಯಾರಿಗಾದರೂ ತೊಂದರೆಯಾಗಿ ದೂರು ಬಂದರೆ ತಾವೇ ಉತ್ತರ ಕೊಡಬೇಕು. ಯಾವ ನಂಬರು ಎಲ್ಲಿ ಬಳಕೆಯಲ್ಲಿದೆ ಎಂದು ಕೇಳಿದಾಗ ತೋರಿಸಬೇಕು.

“ಅದ್ನೆಲ್ಲ ಮಾಡೋರು ಯಾರು?” ಎಂದ ಮರಿಸ್ವಾಮಿ.

“ನೀನೇ. ಮಾಲೀಕ ಅಲ್ವಾ?” ಎಂದಳು ಗಿರಿಜಾಂಬ.

ಏಳನೆಯ ಪುಟದಲ್ಲಿ ಒಂದು ಸಾಲು ಬಂತು. ಓದಿದೆ. ತಿರುಗಿ ಓದಿದೆ. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿ ಹೇಳಿದೆ: “ಈ ನಂಬರುಗಳು ಯಾರ ಸ್ವತ್ತೂ ಅಲ್ಲ. ಸ್ವತ್ತು ಅಂತ ಯಾರೂ ಹಕ್ಕು ಸಾಧಿಸೋ ಹಂಗಿಲ್ಲ. ನಡೆಸೋರಿಗೆ ನಡೆಸೋ ಅವಕಾಶ ಮಾತ್ರ. ಇದನ್ನ ಒಪ್ಪಿ ಸಹಿ ಹಾಕ್ಬೇಕು.”

ಸ್ವತ್ತೇ ಅಲ್ಲ ಎಂದ ಮೇಲೆ ನನ್ನ ವಂಶವೃಕ್ಷ ಯಾತಕ್ಕೆ, ಚಕ್ಕುಬಂದಿ ಯಾತಕ್ಕೆ? ನಾನು ಅಷ್ಟು ಬೀಗಿದ್ದ ಆ ವಾಕ್ಯ ನಿಂತಿರುವುದೇ ‘ಯಾವುದೇ ಸ್ವತ್ತು ಕಂಡುಬಂದರೂ’ ಎಂಬ ಮಾತಿನ ಮೇಲೆ. ಕಂಡುಬಂದದ್ದು ಸ್ವತ್ತಲ್ಲ. ಇಪ್ಪತ್ತೆಂಟು ವರ್ಷದ ನನ್ನ ವಿದ್ಯೆ ಏಳನೆಯ ಪುಟದಲ್ಲಿ ಮಕಾಡೆ ಬಿತ್ತು.

“ಅಂಗಾರೆ ಭಾಗ?” ಎಂದ ಪ್ರಭುಲಿಂಗ.

“ಭಾಗ ಇಲ್ಲ ಕಣೋ. ಕೆಲ್ಸ ಐತೆ, ಬೇಕಾ?”

“ಅಲ್ಲಕ್ಕ, ಸೈನ್ ಮಾಡುದ್ರೆ ನಿಂದೂ ಅಲ್ಲ ಅಂತ ನೀನೇ ಒಪ್ಕೊಂಡಂಗೆ ಆಗ್ತದಲ್ಲ” ಎಂದ ಮರಿಸ್ವಾಮಿ, ಕೊನೆಯ ಕಲ್ಲು ಎಸೆಯುವವನ ಹಾಗೆ.

“ನಂದು ಅಂತ ಯಾವತ್ತು ಏನಿತ್ತೋ ಮರಿ? ನಡೆಸ್ತಿರೋಳು ನಾನು ಅಂತ ಬರ್ದವ್ರೆ. ಅಷ್ಟ್ ಬರ್ದೋರು ಇವ್ರೇ ಮೊದ್ಲು.”

ಹಾಗೆಂದು ಅವಳು ಸಹಿ ಹಾಕಿದಳು. ನಮ್ಮ ತಕರಾರಿಲ್ಲ ಎಂದು ನಾಲ್ಕು ಸಾಲು ಬರೆದೆ, ಅಣ್ಣತಮ್ಮಂದಿರು ಸಹಿ ಮಾಡಿದರು. ಎಲ್ಲ ಮುಗಿಯಿತೆಂದು ನಾನು ಪೆನ್ನಿನ ಮುಚ್ಚಳ ಹಾಕಿದೆ.

“ಈಗ ಒಂಬತ್ತರ ಖುಲಾಸೆ ಪತ್ರ ಓದಿ” ಎಂದಳು.

ಮರಿಸ್ವಾಮಿಯ ಮುಖ ಕಪ್ಪಾಯಿತು. “ಕೋರ್ಟಿಗೆ ಓಯ್ತೀಯಾ ಅಕ್ಕ?”

“ಇಲ್ಲ ಕಣೋ. ಆವತ್ತು ಕೇಳುಸ್ಲಿಲ್ಲ. ಒಂದ್ಸಲ ಕೇಳ್ಬೇಕು.”

ಕಡತದಿಂದ ನಕಲು ತೆಗೆದು ಓದಿದೆ. ಮೂರು ನಿಮಿಷದ ಪತ್ರಕ್ಕೆ ಇಪ್ಪತ್ತೆರಡು ನಿಮಿಷ ಬೇಕಾಯಿತು. ತೋಟದ ಸರ್ವೆ ನಂಬರು, ತೆಂಗಿನ ಮರಗಳ ಎಣಿಕೆ, ಬಾವಿ, ಅವಳು ಪಾಠ ಹೇಳುತ್ತಿದ್ದ ಮುಂದಿನ ಕೋಣೆಯ ಅಳತೆ. ‘ಯಾರ ಬಲವಂತವೂ ಇಲ್ಲದೆ, ಓದಿಸಿ ಕೇಳಿ ಅರ್ಥ ಮಾಡಿಕೊಂಡು, ಸ್ವಸಂತೋಷದಿಂದ’ ಎನ್ನುವ ಸಾಲಿಗೆ ಬೆರಳಿಟ್ಟು ಓದಿದೆ. ನಾನೇ ಬರೆದ ಸುಳ್ಳನ್ನು ನಾನು ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದೆ. ಪ್ರಭುಲಿಂಗ ನೆಲ ನೋಡುತ್ತಿದ್ದ. ಕೊನೆಯಲ್ಲಿ ಬಿಕ್ಕಲಂ, ಅಂದರೆ ಪತ್ರ ಬರೆದವನು, ಎಂದು ಹಾಕಿದ ನನ್ನ ಸಹಿಯನ್ನೂ ಓದಿದೆ.

“ಮಾಮೂಲಿ ಅಂದಿದ್ರಿ” ಎಂದಳು. ದನಿ ಏರಿಸಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಸೀರೆಯ ತಟ್ಟೆ ಮೇಜಿನ ಮೇಲೆಯೇ ಉಳಿಯಿತು.

ಮರುವಾರ ಒಬ್ಬ ತನ್ನ ತಂಗಿಯನ್ನು ಕರೆದುಕೊಂಡು ಬಂದ. ಕೈಯಲ್ಲಿ ಅದೇ ಥರದ ತಟ್ಟೆ. ನಾನು ಪತ್ರ ಹಿಡಿದು ನಿಧಾನವಾಗಿ ಓದಲು ಶುರುಮಾಡಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅವನು ಗಡಿಯಾರ ನೋಡಿ, “ಒಸಿ ಬೇಗ ಓದಣ್ಣ” ಎಂದ. ನಾನು ಬೇಗ ಓದಲಿಲ್ಲ. ಅವನು ಪತ್ರ ಕಿತ್ತುಕೊಂಡು ನಾಲ್ಕನೆಯ ಅಂಗಡಿಗೆ ನಡೆದ. ಹಿಂದೆ ಹೊರಟಿದ್ದ ತಂಗಿ ನನ್ನ ಬಾಗಿಲಲ್ಲಿ ನಿಂತಳು.

“ಏನ್ ಬರ್ದಿತ್ತಣ್ಣ ಅದ್ರಲ್ಲಿ?” ಎಂದು ಕೇಳಿದಳು.

ಹೇಳಿದೆ.