ತನುಜಳ ತುಲಾಭಾರ

ಆಂಜಿನಮ್ಮನ ಮಂಡಿಗೆ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದು ಬೇಸಿಗೆಯಲ್ಲಿ. ಮಳೆಗಾಲ ಕಳೆದರೂ ಆಕೆ ಒಪ್ಪಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆ, ಅವರ ಮನೆ ಅಕ್ಕಪಕ್ಕ. ಬೆಳಿಗ್ಗೆ ಅವರು ಮೆಟ್ಟಿಲು ಇಳಿಯುವುದು ನನ್ನ ಅಡುಗೆಮನೆ ಕಿಟಕಿಗೆ ಕಾಣುತ್ತದೆ. ಗೋಡೆಗೆ ಎರಡೂ ಕೈ ಕೊಟ್ಟು, ಏಣಿ ಇಳಿಯುವವರ ಹಾಗೆ ಹಿಮ್ಮುಖವಾಗಿ ಇಳಿಯುತ್ತಾರೆ. ನೋಡಿದವರ ಕಾಲೇ ನೋಯಬೇಕು. ಆದರೆ ಆಸ್ಪತ್ರೆ ಎಂದ ಕೂಡಲೇ ಅವರದು ಒಂದೇ ಮಾತು.

"ಹರಕೆ ಬಾಕಿ ಇಟ್ಕೊಂಡು ಆಪರೇಷನ್ ಟೇಬಲ್ ಹತ್ತಲ್ಲ ಟೀಚರಮ್ಮ. ಸ್ವಾಮಿ ಇಷ್ಟು ವರ್ಷ ಸುಮ್ನಿದ್ದಿದ್ದೇ ಹೆಚ್ಚು."

ಹರಕೆ ಮಗಳು ತನುಜಳದು. ಅವಳು ಚಿಕ್ಕ ಮಗುವಾಗಿದ್ದಾಗ ಟೈಫಾಯ್ಡ್ ಬಂದು ಕೈಕಾಲು ಕಡ್ಡಿಯಾಗಿದ್ದವಂತೆ. ಆಂಜಿನಮ್ಮನ ತವರು ಚಿಂತಾಮಣಿಯ ಹತ್ತಿರದ ಒಂದು ಹಳ್ಳಿ. ಅಲ್ಲಿನ ವೆಂಕಟರಮಣಸ್ವಾಮಿಗೆ, ಮಗು ಮೈಕೈ ತುಂಬಿಕೊಂಡರೆ ಅವಳ ತೂಕದಷ್ಟು ಬೆಲ್ಲ ಕೊಡುತ್ತೇನೆ ಎಂದು ಕೈಮುಗಿದಿದ್ದರು. ಮಗು ಚೇತರಿಸಿಕೊಂಡಿತು. ಆಗಲೇ ತುಲಾಭಾರ ಮಾಡಿಸಿದ್ದರೆ ಒಂದು ಚೀಲ ಬೆಲ್ಲದಲ್ಲಿ ಮುಗಿಯುತ್ತಿತ್ತು. ಆಂಜಿನಮ್ಮನಿಗೆ ಭಕ್ತಿಯಲ್ಲೂ ಒಂದು ಆಸೆ. ಇನ್ನೂ ಸ್ವಲ್ಪ ತುಂಬಿಕೊಳ್ಳಲಿ, ಸ್ವಾಮಿಗೆ ನಾಲ್ಕು ಅಚ್ಚು ಹೆಚ್ಚಿಗೆ ಹೋಗಲಿ ಎಂದು ಒಂದು ವರ್ಷ ತಳ್ಳಿದರು. ಮುಂದಿನ ವರ್ಷವೂ ಹಾಗೇ ಅಂದುಕೊಂಡರು. ಹುಡುಗಿ ಹೈಸ್ಕೂಲು ಮುಗಿಸಿದಳು, ನರ್ಸಿಂಗ್ ಓದಿದಳು, ಶಿಡ್ಲಘಟ್ಟದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕೂ ಸೇರಿದಳು. ಮೈ ತುಂಬಿಕೊಂಡಿದ್ದು ಮಾತ್ರ ತಾಯಿ ಕೇಳಿಕೊಂಡಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಈಗ ತಾಯಿ ತಯಾರು, ಮಗಳು ಒಲ್ಲೆ ಎನ್ನುತ್ತಾಳೆ.

"ನೀವು ಪಾಠ ಹೇಳಿದವರು, ನಿಮ್ಮ ಮಾತು ಕೇಳ್ತಾಳೆ. ಒಂದು ಮಾತು ಹೇಳಿ ನೋಡಿ," ಎಂದು ಆಂಜಿನಮ್ಮ ನನ್ನನ್ನು ಕೇಳಿಕೊಂಡರು. "ಅವಳು ಹುಟ್ಟಿದ್ದು ಸ್ವಾತಿ ನಕ್ಷತ್ರ, ತುಲಾ ರಾಶಿ. ಅದಕ್ಕೇ 'ತ' ಅಕ್ಷರದ ಹೆಸರಿಟ್ಟಿದ್ದು. ಈಗ ನಡೀತಿರೋದೂ ತುಲಾ ಮಾಸ. ಇನ್ನೇನು ಬೇಕು ಹೇಳಿ?"

ಅವರ ಯಜಮಾನರು ಚಲಪತಿಯವರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತೂಗಿಸುವ ಕೆಲಸ ಮಾಡಿ ನಿವೃತ್ತರಾದವರು. ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಇವಳಿಗೆ ತಕ್ಕಡಿ ಅಂದ್ರೆ ದೇವ್ರು ಮೇಡಂ. ನನಗೆ ತಕ್ಕಡಿ ಅಂದ್ರೆ ಜಗಳ. ಈ ಕಡೆ ವಾಲಿದ್ರೆ ರೈತ ಬೈತಿದ್ದ, ಆ ಕಡೆ ವಾಲಿದ್ರೆ ನೂಲು ತೆಗೆಯೋರು ಬೈತಿದ್ರು. ನೆಟ್ಟಗೆ ನಿಂತ್ರೆ ಇಬ್ರೂ ಸೇರ್ಕೊಂಡು ಬೈತಿದ್ರು."

"ನೀವು ಪೇಪರ್ ಓದ್ರೀ."

ಭಾನುವಾರ ಮಧ್ಯಾಹ್ನ ತನುಜ ನಮ್ಮ ಮನೆಗೆ ಬಂದಳು. ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. ಕೇಳದೆಯೇ ಇನ್ನೊಂದು ಚಾಕು ತಂದು, ನಂತರ ನನ್ನ ಮುಂದಿದ್ದ ಅರ್ಧ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅಮ್ಮ ಏನೋ ಹೇಳಿ ಕಳಿಸಿರ್ಬೇಕು ನಿಮಗೆ."

"ಹೌದಮ್ಮ."

"ಹೇಳಿ ಮಿಸ್, ಹೇಳ್ಬಿಡಿ. ಆದ್ರೆ ಆ ತುಳಸಿ ದಳದ ಕಥೆ ಮಾತ್ರ ಬೇಡ. ಎಲ್ರೂ ಅದನ್ನೇ ಹೇಳಿ ಹೇಳಿ ತಲೆ ಕೆಟ್ಟಿದೆ."

ನಾನು ಶುರು ಮಾಡಬೇಕೆಂದಿದ್ದುದೇ ಆ ಕಥೆಯಿಂದ. ಅದನ್ನು ಬಿಟ್ಟು, ತುಲಾ ಎಂಬ ಶಬ್ದಕ್ಕೆ ತೂಕಕ್ಕಿಂತ ಹೆಚ್ಚಿಗೆ 'ಸಮ' ಎಂಬ ಅರ್ಥವೇ ಹತ್ತಿರ, ಇದಕ್ಕೆ ಅದು ಸರಿಸಾಟಿ ಎನ್ನುವುದನ್ನು 'ತುಲ್ಯ' ಎನ್ನುತ್ತೇವಲ್ಲ ಎಂದೆ. ಕೊಡಗಿನ ಕಡೆ ಇದೇ ತಿಂಗಳು ಸೂರ್ಯ ತುಲೆಗೆ ಬಂದ ಗಳಿಗೆಯಲ್ಲಿ ಕಾವೇರಿ ಉಕ್ಕುತ್ತಾಳೆಂದು ಜನ ಕಾಯುತ್ತಾರೆ, ಅಲ್ಲಿ ತುಲೆ ಎಂದರೆ ನೀರು ಎಂದೆ. ಹಗಲು ರಾತ್ರಿ ಸಮನಾಗುವ ಕಾಲಕ್ಕೆ ಹಿಂದಿನವರು ಆ ಹೆಸರಿಟ್ಟರು ಎಂದೂ ಹೇಳಿದೆ. ಹುಡುಗಿ ತರಗತಿಯಲ್ಲಿ ಕೇಳುತ್ತಿದ್ದ ಹಾಗೆಯೇ ತಲೆ ತಗ್ಗಿಸಿ ಕೇಳಿದಳು.

"ಚೆನ್ನಾಗಿದೆ ಮಿಸ್," ಎಂದಳು. "ಆರೋಗ್ಯ ಕೇಂದ್ರದಲ್ಲಿ ಶ್ರೀವಲ್ಲಿ ಅಂತ ಇದಾಳೆ. ಫೋನಲ್ಲಿ ಹುಟ್ಟಿದ ತಾರೀಕು ಹಾಕಿ, ನೀನು ಫೆಬ್ರವರಿ, ಅಕ್ವೇರಿಯಸ್, ಅಂದ್ರೆ ಕೊಡ ಅಂತಾಳೆ. ಮನೇಲಿ ಅಮ್ಮ ತಕ್ಕಡಿ ಅಂತಾಳೆ. ಎರಡೂ ನನ್ನ ಗಾತ್ರಕ್ಕೆ ಸರಿಯಾಗೇ ಇವೆ, ಬಿಡಿ."

ನನಗೆ ನಗು ಬಂತು. ಅವಳು ನಗಲಿಲ್ಲ.

"ರೂಪಂದು ನೀವು ನೋಡಿಲ್ಲ ಮಿಸ್. ಅಮ್ಮನ ಅತ್ತಿಗೆ ಶ್ಯಾಮಲತ್ತೆ ಮಗಳು ರೂಪ. ಹೋದ ವರ್ಷ ಬಾಣಂತನ ಮುಗಿಸ್ಕೊಂಡು ಅದೇ ಗುಡೀಲಿ ತುಲಾಭಾರಕ್ಕೆ ಕೂತ್ಲು. ಅತ್ತೇದು ದೊಡ್ಡ ಗಂಟಲು. ಒಂದೊಂದು ಅಚ್ಚು ಇಟ್ಟಾಗ್ಲೂ ಊರಿಗೆಲ್ಲ ಕೇಳೋ ಹಾಗೆ ಎಣಿಸಿದ್ರು. ಯಾರೋ ಹಿಂದಿನಿಂದ, ಇನ್ನೂ ಸಾಲ್ದೇನೇ, ಅಂಗಡಿನೇ ಖಾಲಿ ಆಯ್ತಲ್ಲೇ ಅಂದ್ರು. ಎಲ್ರೂ ನಕ್ರು. ರೂಪಾನೂ ನಕ್ಲು. ಆಮೇಲೆ ಗುಡಿ ಹಿಂದೆ ಹೋಗಿ ಅತ್ತಿದ್ದು ನನಗೊಬ್ಳಿಗೇ ಗೊತ್ತು. ಆ ಲೆಕ್ಕ ಇವತ್ತಿಗೂ ಆ ಊರಲ್ಲಿ ಹೇಳ್ತಾರೆ. ನಾನು ಅವಳ ಹಾಗೆ ನಗಲಾರೆ ಮಿಸ್."

ಆಮೇಲೆ ನಾನು ತುಲೆಯ ಮಾತು ಎತ್ತಲಿಲ್ಲ. ಅವಳ ಆರೋಗ್ಯ ಕೇಂದ್ರಕ್ಕೆ ನಾನೊಮ್ಮೆ ಹೋಗಿದ್ದು ನೆನಪಾಯಿತು. ಬಸುರಿಯೊಬ್ಬಳು ತೂಕದ ಯಂತ್ರ ಹತ್ತಿ ನಿಂತಿದ್ದಳು. ಅತ್ತೆ, ನಾದಿನಿ ಇಬ್ಬರೂ ಕತ್ತು ಚಾಚಿದ್ದರು. ತನುಜ ಅವರಿಗೂ ಅಂಕಿಗೂ ನಡುವೆ ತಾನೇ ಅಡ್ಡ ನಿಂತು, ಬರೆದುಕೊಂಡು, "ಚೆನ್ನಾಗಿದೀಯಮ್ಮ, ಇಳಿ" ಎಂದಷ್ಟೇ ಹೇಳಿದ್ದಳು.

ಹುರುಳಿಕಾಯಿ ಮುಗಿಯಿತು. ನಾರನ್ನೆಲ್ಲ ಬಳಿದು ಬುಟ್ಟಿಗೆ ಹಾಕಿ ಹೊರಟವಳು ಬಾಗಿಲಲ್ಲಿ ನಿಂತಳು. ಪಕ್ಕದ ಮನೆಯ ಮೆಟ್ಟಿಲಲ್ಲಿ ಆಂಜಿನಮ್ಮ ಒಣಗಿದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಹಿಮ್ಮುಖವಾಗಿ ಇಳಿಯುತ್ತಿದ್ದರು. ಅರ್ಧಕ್ಕೆ ನಿಂತು, ಹಣೆಯನ್ನು ಗೋಡೆಗೆ ಒರಗಿಸಿ ಸುಧಾರಿಸಿಕೊಂಡರು. ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದರು.

ತನುಜ ಹೋಗಿ ಬಟ್ಟೆ ಇಸಿದುಕೊಂಡಳು. ಅವಳ ಮಾತು ನನಗೂ ಕೇಳಿಸಿತು.

"ಹೋಗಣ ನಡಿ ನಿನ್ನ ಸ್ವಾಮಿ ಹತ್ರ. ಆದ್ರೆ ನಾವು, ಜೊತೆಗೆ ಮಿಸ್, ಅಷ್ಟೇ. ನಿಮ್ಮ ತವರಿನೋರಿಗೆ ಒಂದು ಮಾತೂ ಹೇಳ್ಕೂಡ್ದು. ಗೊತ್ತಾಯ್ತಾ?"

"ನಿನ್ನಾಣೆ ಹೇಳಲ್ಲಮ್ಮ."

ಗುರುವಾರ ಬೆಳಿಗ್ಗೆ ಚಲಪತಿಯವರ ಹಳೆಯ ಕಾರಿನಲ್ಲಿ ಹೊರಟೆವು. ಮುಂದಿನ ಸೀಟು ಆಂಜಿನಮ್ಮನ ಕಾಲಿಗೆ, ಹಿಂದೆ ನಾನೂ ತನುಜಳೂ, ಡಿಕ್ಕಿಯಲ್ಲಿ ಬೆಲ್ಲದ ಮೂಟೆಗಳು. ಚಲಪತಿಯವರು ರಸ್ತೆಯ ಹೊಂಡಗಳನ್ನೆಲ್ಲ ಹುಡುಕಿ ಹುಡುಕಿ ತಪ್ಪಿಸುತ್ತಿದ್ದರು. ಬೆಲ್ಲ ಪುಡಿಯಾದೀತು ಎಂದು ಹೇಳಿದರೂ, ಅವರ ಕಣ್ಣು ಪಕ್ಕದ ಸೀಟಿನ ಮಂಡಿಯ ಮೇಲೇ ಇತ್ತು. ದಾರಿಯುದ್ದಕ್ಕೂ ಆಂಜಿನಮ್ಮ ಯಾಕೋ ಬಹಳ ಮೌನವಾಗಿದ್ದರು.

ಯಾಕೆಂದು ಗುಡಿಯ ಮುಂದೆ ಕಾರು ನಿಂತಾಗ ತಿಳಿಯಿತು. ಅರಳಿಕಟ್ಟೆಯ ಸುತ್ತ ಅವರ ತವರಿಗೆ ತವರೇ ನೆರೆದಿತ್ತು. ಸೀರೆ ಉಟ್ಟು ಹೂ ಮುಡಿದ ಹೆಂಗಸರು, ಮಕ್ಕಳು, ಅಣ್ಣ ಬಯ್ಯಪ್ಪನವರು, ಯಾರೋ ತಂದಿದ್ದ ಸೇವಂತಿಗೆಯ ದೊಡ್ಡ ಬುಟ್ಟಿ. ಎಲ್ಲರ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದವರು ಬಯ್ಯಪ್ಪನವರ ಹೆಂಡತಿ ಶ್ಯಾಮಲಮ್ಮ.

ತನುಜ ಕಾರಿನಿಂದ ಇಳಿಯಲಿಲ್ಲ.

"ಅಮ್ಮಾ. ಯಾರಿಗೂ ಹೇಳಲ್ಲ ಅಂದಿದ್ಯಲ್ಲಮ್ಮ."

"ನಾನು ಅತ್ತಿಗೆಗೊಬ್ಳಿಗೇ ಕಣೇ ಹೇಳಿದ್ದು," ಎಂದರು ಆಂಜಿನಮ್ಮ, ತಪ್ಪು ಮಾಡಿದ ಮಗುವಿನ ದನಿಯಲ್ಲಿ. "ತವರೂರಿಗೆ ಬಂದು ಅವರಿಗೆ ಹೇಳ್ದೆ ಹೆಂಗೆ ಹೋಗ್ಲಿ?"

"ಅತ್ತೆಗೆ ಹೇಳೋದೂ ಒಂದೇ, ಟಮಟೆ ಹೊಡೆಸೋದೂ ಒಂದೇ," ಎಂದರು ಚಲಪತಿಯವರು.

ಆಂಜಿನಮ್ಮ ಹಿಂದಕ್ಕೆ ತಿರುಗಿ ಮಗಳ ಮುಖ ನೋಡಿದರು. ಆಮೇಲೆ, "ಬೇಡ ಬಿಡಮ್ಮ. ಕೈಮುಗಿದು ವಾಪಸ್ ಹೋಗಣ. ಸ್ವಾಮಿಗೆ ನಾನೇ ಏನಾದ್ರೂ ಹೇಳ್ಕೋತೀನಿ," ಎಂದು ಬಾಗಿಲು ತೆರೆದು ಒಂದು ಕಾಲನ್ನು ಕೈಯಲ್ಲಿ ಎತ್ತಿ ಹೊರಗಿಟ್ಟರು. ಇನ್ನೊಂದು ಕಾಲು ಬರಲಿಲ್ಲ. ತನುಜ ಇಳಿದು ಆ ಕಾಲನ್ನು ಹಿಡಿದು ಹೊರಗಿಟ್ಟಳು. ತಾಯಿಯ ತೋಳಿಗೆ ತೋಳು ಕೊಟ್ಟು, ಯಾರ ಮುಖವನ್ನೂ ನೋಡದೆ, ನೇರವಾಗಿ ಗುಡಿಯೊಳಗೆ ಹೊರಟಳು.

ಮುಖಮಂಟಪದ ಚಾವಣಿಯಲ್ಲಿ ಹನ್ನೆರಡು ರಾಶಿಗಳನ್ನೂ ಕೆತ್ತಿದ್ದಾರೆ. ತುಲೆಯೆಂದರೆ ಅಲ್ಲಿ ಕುಕ್ಕುರುಗಾಲಲ್ಲಿ ಕೂತ ಒಬ್ಬ ಪುಟ್ಟ ಮನುಷ್ಯ. ಕಣ್ಣು ಮೂಗು ಸವೆದುಹೋಗಿವೆ. ಕೈಯಲ್ಲಿ ಎತ್ತಿ ಹಿಡಿದ ತಕ್ಕಡಿ ಇದೆ, ಎರಡು ತಟ್ಟೆಯಲ್ಲೂ ಏನೂ ಇಲ್ಲ. ಅದರ ಕೆಳಗೇ ತೊಲೆಗೆ ಕಬ್ಬಿಣದ ಸರಪಳಿಯಲ್ಲಿ ನಿಜವಾದ ತಕ್ಕಡಿ ತೂಗುಹಾಕಿತ್ತು.

ಅರ್ಚಕರು ಸಂಕಲ್ಪ ಮಾಡಿಸಿದರು. ತನುಜ ಹಲಗೆಯ ಮೇಲೆ ಕೂತು ಸರಪಳಿ ಹಿಡಿದುಕೊಂಡಳು. ಅವಳ ತಟ್ಟೆ ನೆಲಕ್ಕೆ ತಾಗಿ ಸದ್ದಾಯಿತು. ಖಾಲಿ ತಟ್ಟೆ ಮೇಲಕ್ಕೆ ಹೋಯಿತು. ಮಂಟಪ ತುಂಬ ಜನ. ಹಿಂದಿದ್ದವರು ತುದಿಗಾಲಲ್ಲಿ ನಿಂತಿದ್ದರು. ತನುಜಳ ಕಿವಿ ಕೆಂಪಾಗಿದ್ದವು. ಸರಪಳಿ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು.

ಶ್ಯಾಮಲಮ್ಮ ಮುಂದೆ ಬಂದು ತನುಜಳ ಮುಖವನ್ನು ಒಮ್ಮೆ ನೋಡಿದರು. ಮೂಟೆಯಿಂದ ಮೊದಲ ಅಚ್ಚು ತೆಗೆದು ಕಣ್ಣಿಗೊತ್ತಿಕೊಂಡು ತಟ್ಟೆಯಲ್ಲಿಟ್ಟು, ಗುಡಿ ಗುಂಯ್ ಎನ್ನುವಂತೆ ಕೂಗಿದರು:

"ಲಾಭಾ!"

ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲನೆಯ ಅಳತೆಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅದಾದ ಮೇಲೆ ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಜನ ಎರಡಕ್ಕೆ ಕಾದರು. ಮಕ್ಕಳಾಗಲೇ ಬೆರಳು ಮಡಿಸಲು ಶುರುಮಾಡಿದ್ದರು.

ಶ್ಯಾಮಲಮ್ಮ ಇನ್ನೊಂದು ಅಚ್ಚು ಇಟ್ಟರು.

"ಲಾಭಾ!"

ಬಯ್ಯಪ್ಪನವರು ಕೆಮ್ಮಿದರು. "ಏಯ್, ಎರಡು ಕಣೇ."

"ನಂಗೊತ್ತು, ನೀವು ಸುಮ್ನಿರಿ," ಎಂದು ಮುಂದಿನದನ್ನು ಇಟ್ಟರು. "ಲಾಭಾ!"

ಅದರ ಮುಂದಿನದಕ್ಕೂ ಲಾಭ. ಅದರ ಮುಂದಿನದಕ್ಕೂ ಲಾಭ. ಬೆರಳು ಮಡಿಸುತ್ತಿದ್ದ ಮಕ್ಕಳಿಗೆ ಲೆಕ್ಕ ತಪ್ಪಿತು. ಒಬ್ಬ ಪೋರ ಬೆರಳು ಬಿಟ್ಟು ತಾನೂ "ಲಾಭಾ" ಎಂದು ಕೂಗಿದ. ಆಮೇಲೆ ಎಲ್ಲ ಮಕ್ಕಳೂ ಶುರುಮಾಡಿದರು. ಹೆಂಗಸರು ಸಾಲುಗಟ್ಟಿ ಮೂಟೆಯಿಂದ ತಟ್ಟೆಗೆ ಕೈಯಿಂದ ಕೈಗೆ ಅಚ್ಚು ದಾಟಿಸತೊಡಗಿದರು. ಆ ಸಾಲಿನಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡ ರೂಪಳೂ ಇದ್ದಳು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಅವಳೇ. ಕೂಗುವಾಗಲೆಲ್ಲ ತಾಯಿಯ ಕಡೆ ನೋಡುತ್ತಿದ್ದಳು. ಅವರಿಬ್ಬರ ನಡುವೆ ಹಿಂದೆಯೇ ಏನೋ ಮಾತಾಗಿದೆ ಎಂದು ನನಗೆ ಆಗ ಅನ್ನಿಸಿತು. ನನ್ನ ಕೈಗೂ ಒಂದು ಅಚ್ಚು ಬಂತು. ಗುಡಿಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಎಂದೂ ಕೂಗಿದವಳಲ್ಲ.

ತನುಜ ಮೊದಲು ತಲೆ ತಗ್ಗಿಸಿಯೇ ಇದ್ದಳು. ಯಾವಾಗಲೋ ಕತ್ತೆತ್ತಿ ಅತ್ತೆಯನ್ನು ನೋಡಿದಳು. ಶ್ಯಾಮಲಮ್ಮ ಬೆವರುತ್ತಿದ್ದರು, ಗಂಟಲು ಒಡೆದಿತ್ತು, ಆದರೂ ಬಿಡಲಿಲ್ಲ. ತನುಜಳ ಬೆರಳು ಸರಪಳಿಯ ಮೇಲೆ ಸಡಿಲವಾದವು.

ತಕ್ಕಡಿ ಅಲುಗಿತು. ನೆಲಕ್ಕೆ ಕೂತಿದ್ದ ಹಲಗೆ ಮೆಲ್ಲಗೆ ಮೇಲೆದ್ದಿತು. ತನುಜಳ ಪಾದಗಳು ನೆಲ ಬಿಟ್ಟವು. ಎರಡೂ ತಟ್ಟೆಗಳು ಸ್ವಲ್ಪ ಹೊತ್ತು ತೂಗಾಡಿ ಸಮನಾಗಿ ನಿಂತವು. ಅರ್ಚಕರು ಮಂಗಳಾರತಿ ಎತ್ತಿದರು.

"ಅಂತೂ ಎಷ್ಟಾಯ್ತಮ್ಮ ಒಟ್ಟು?" ಎಂದು ಹಿಂದಿನಿಂದ ಒಬ್ಬ ಮುದುಕ ಕೇಳಿದ.

ಶ್ಯಾಮಲಮ್ಮ ತಿರುಗಿದರು. ದನಿ ಬಿದ್ದುಹೋಗಿತ್ತು, ಗದರುವುದು ಮಾತ್ರ ಹಾಗೇ ಇತ್ತು. "ಲಾಭ ಎಷ್ಟು ಅಂತ ಯಾರಾದ್ರೂ ಹೊರಗೆ ಹೇಳ್ತಾರೇನಣ್ಣ?"

ಮಂಟಪದಲ್ಲಿ ನಗು ಎದ್ದಿತು. ಮುದುಕನೂ ನಕ್ಕ. ತನುಜಳೂ ನಕ್ಕಳು. ನಗುವಿಗೆ ತಟ್ಟೆ ಅಲುಗಾಡಿ ಸರಪಳಿ ಕಿಣಿಗುಟ್ಟಿತು. ಶ್ಯಾಮಲಮ್ಮ ಅವಳ ಕಿವಿಯ ಹತ್ತಿರ ಬಗ್ಗಿ, ಮನೆಮಾತಿನ ತೆಲುಗಿನಲ್ಲಿ "ರಾ ತಲ್ಲಿ, ದಿಗು" ಎಂದು ಇಳಿಯಲು ಕೈ ಕೊಟ್ಟರು.

"ಇರಿ ಅತ್ತೆ, ಒಂದು ನಿಮಿಷ," ಎಂದಳು ತನುಜ. ನನ್ನ ಕೈಗೆ ಕೊಟ್ಟಿದ್ದ ಕೈಚೀಲದಿಂದ ಫೋನ್ ತೆಗೆಸಿಕೊಂಡಳು. ಇನ್ನೂ ತೂಗುತ್ತಾ ಕೂತಿದ್ದ ಹಾಗೆಯೇ ತಾಯಿಯ ಕಡೆ ನೋಡಿದಳು.

ಆಂಜಿನಮ್ಮ ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಯಾರಿಗೇ ಫೋನು, ದೇವರ ಮುಂದೆ?"

"ನಿನ್ನ ಮಂಡಿ ಡಾಕ್ಟರಿಗೆ. ಸೋಮವಾರ ಅಡ್ಮಿಟ್ ಆಗ್ತಾಳೆ ಅಂತ ಹೇಳ್ಲಾ, ಬೇಡ್ವಾ? ಈಗ್ಲೇ ಹೇಳು. ನೀನು ಹೂಂ ಅನ್ನೋವರ್ಗೂ ನಾನಿಲ್ಲಿಂದ ಇಳಿಯಲ್ಲ."

"ದೀಪಾವಳಿ ಕಳೀಲಿ ಕಣಮ್ಮ..."

"ಅಮ್ಮಾ. ಮುಂದಕ್ಕೆ ಹಾಕಿ ಹಾಕಿ ನಾನು ಎಷ್ಟಾದೆ ನೋಡ್ದೆ ತಾನೇ?"

ಆಂಜಿನಮ್ಮ ಸ್ವಾಮಿಯ ಕಡೆ ನೋಡಿದರು. ಗಂಡನ ಕಡೆ ನೋಡಿದರು. ಚಲಪತಿಯವರು ಆಗಲೇ ಕಾರಿನ ಕೀಲಿಯನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಹೂಂ ಅನ್ನು," ಎಂದರು ಶ್ಯಾಮಲಮ್ಮ. "ಆಸ್ಪತ್ರೆಗೆ ನಾನೂ ಬಂದಿರ್ತೀನಿ."

"ನೀನು ಬಂದ್ರೆ ಇಡೀ ವಾರ್ಡಿಗೆ ಕೇಳುತ್ತೆ ಅತ್ತಿಗೆ," ಎಂದ ಆಂಜಿನಮ್ಮ, ಸೆರಗಿನಿಂದ ಮೂಗೊರೆಸಿಕೊಂಡು, ಮಗಳಿಗೆ ಹೂಂ ಎಂದರು.