ದನಿ ನಿಂತಿಲ್ಲವೆಂದು ಮಾತ್ರೆ ನಿಲ್ಲಿಸಬೇಡಿ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳಿಗೆ ಕಾಲರ್ ಅಕ್ಕ ಎಂದೇ ಹೆಸರು. ಅವಳು ಕೂರಿಸಿದ ಕಾಲರ್ ಕೂದಲೆಳೆಯಷ್ಟೂ ಓರೆಯಾಗುತ್ತಿರಲಿಲ್ಲ. ಅಂಥವಳು ಒಂದು ಮಧ್ಯಾಹ್ನ ಮಷಿನ್ ನಿಲ್ಲಿಸಿ, ಗೋಡೆಯ ಕಡೆ ತಿರುಗಿ, "ಬಾಯಿ ಮುಚ್ಚೋ! ನಂಗೆ ಕೆಲಸ ಇದೆ!" ಎಂದು ಕೂಗಿಬಿಟ್ಟಳು. ಗೋಡೆಯ ಹತ್ತಿರ ಯಾರೂ ಇರಲಿಲ್ಲ.

ಸೂಪರ್‌ವೈಸರ್ ಅವಳ ಅಣ್ಣನಿಗೆ ಫೋನ್ ಮಾಡಿದ. ಅಣ್ಣ ಎಲೆಕ್ಟ್ರಿಷಿಯನ್. ಮಾಡುತ್ತಿದ್ದ ಕೆಲಸ ಅರ್ಧಕ್ಕೇ ಬಿಟ್ಟು ಬಂದವನು ಎಲ್ಲರ ಎದುರಿಗೇ ಸಿಡುಕಿದ. "ಇವಳ ತಲೆ ಸರಿ ಇಲ್ಲ. ಕೆಲಸಕ್ಕೆ ಕಳಿಸಿದ್ದೇ ನಮ್ಮ ತಪ್ಪು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಾನು ಇಲ್ಲೇ ಕಂಬದ ಹಾಗೆ ನಿಂತಿದ್ದೇನೆ, ನನ್ನನ್ನೊಂದು ಮಾತು ಕೇಳುವವರಿಲ್ಲವಲ್ಲ!

ಅವಳಿಗಿದ್ದ ಕಾಯಿಲೆ ಸ್ಕಿಜೋಫ್ರೇನಿಯಾ. ಯಾರೂ ಇಲ್ಲದಾಗಲೂ ಒಬ್ಬ ಗಂಡಸಿನ ದನಿ ಅವಳ ಕಿವಿಯಲ್ಲಿ ಬೈಯುತ್ತಿತ್ತು. ಕೈಲಾಗದವಳೇ, ನಿನ್ನನ್ನ ಯಾರೂ ನಂಬಲ್ಲ, ಎಲ್ಲರೂ ನಗ್ತಿದಾರೆ ನೋಡು. ಆಸ್ಪತ್ರೆಗೆ ಹೋಗಿ ಮಾತ್ರೆ ಶುರು ಮಾಡಿದ ಮೇಲೆ ನಿದ್ದೆ ಬಂತು, ಹೆದರಿಕೆ ಇಳಿಯಿತು, ಕೆಲಸಕ್ಕೂ ಸೇರಿದಳು. ದನಿ ಸಣ್ಣದಾಯಿತು. ಪೂರ್ತಿ ಹೋಗಲಿಲ್ಲ.

ಮನೆಗೆ ಬಂದದ್ದೇ ತಡ, ಅಣ್ಣ ಅವಳ ಮಾತ್ರೆಗಳನ್ನೆಲ್ಲ ತೆಗೆದು ಕಸದ ಬುಟ್ಟಿಗೆ ಸುರಿದ. "ಇಷ್ಟು ದಿನ ನುಂಗಿದ್ದು ಸಾಕು. ದನಿ ಹೋಗಿಲ್ಲ ತಾನೇ? ಮತ್ತೆ ಇದ್ಯಾಕೆ?"

"ನನ್ನ ಮಾತ್ರೆ ಬಿಸಾಡೋಕೆ ನೀನ್ಯಾರು?" ಎಂದು ಅವಳು ಕಿರುಚಿದಳು.

"ನೋಡಿದ್ಯಾ ಅಮ್ಮ, ಮತ್ತೆ ಕೆರಳಿತು ಹುಚ್ಚು!"

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು. ಮಗಳ ಸಿಟ್ಟು ಇನ್ನೂ ಏರಿತು. ಅಣ್ಣನಿಗೆ ಸಿಟ್ಟು ಬಂದರೆ ಅದು ಸಿಟ್ಟು. ಅವಳಿಗೆ ಬಂದರೆ ಮಾತ್ರ ಕಾಯಿಲೆಯೇ?

ವಾರ ಕಳೆಯುವಷ್ಟರಲ್ಲಿ ದನಿ ಕಿವಿಗೆ ಬಾಯಿಟ್ಟು ಅರಚತೊಡಗಿತು. ನಿದ್ದೆ ಹಾರಿತು, ತುತ್ತು ಇಳಿಯದಾಯಿತು. ಅವಳು ಕಿವಿ ಮುಚ್ಚಿಕೊಂಡು ಬಾಗಿಲ ಹಿಂದೆ ಕೂತುಬಿಟ್ಟಳು. ಅಮ್ಮ ಇನ್ನು ತಡೆಯಲಾರದೆ ಆಸ್ಪತ್ರೆಗೆ ಫೋನ್ ಮಾಡಿದಳು. ಅಲ್ಲಿನ ಮಾನಸಿಕ ಆರೋಗ್ಯ ವಿಭಾಗದ ನರ್ಸಮ್ಮ ಮನೆಗೇ ಬಂದರು.

ಅಣ್ಣ ಬಾಗಿಲಲ್ಲೇ ತಡೆದ. "ನಿಮ್ಮ ಮಾತ್ರೆಯಿಂದ ಏನೂ ಆಗ್ಲಿಲ್ಲ ಮೇಡಂ."

"ಏನೂ ಆಗ್ಲಿಲ್ವಾ?" ನರ್ಸಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದರು. "ಮಾತ್ರೆ ನುಂಗುವಾಗ ನಿಮ್ಮ ತಂಗಿ ಕೆಲಸಕ್ಕೆ ಹೋಗ್ತಿದ್ಲು. ನಿಲ್ಸಿದ ಮೇಲೆ ಬಾಗಿಲ ಹಿಂದೆ ಕೂತಿದಾಳೆ. ಕೆಲವರಿಗೆ ಚಿಕಿತ್ಸೆ ನಡೀತಿದ್ರೂ ದನಿ ಪೂರ್ತಿ ಹೋಗಲ್ಲಪ್ಪ. ಆಗ ಡಾಕ್ಟರ್ ಹತ್ರ ಹೇಳ್ಬೇಕು. ಅವರು ಪ್ರಮಾಣ ನೋಡ್ತಾರೆ, ಬೇರೆ ಮಾತ್ರೆ ನೋಡ್ತಾರೆ. ನಾವೇ ನಿಲ್ಸಿದ್ರೆ ಹೀಗೇ ಆಗೋದು."

"ಅದೇನು ದನಿನೋ! ಕಿವಿಗೆ ಹಾಕ್ಕೊಳ್ಳದೆ ಸುಮ್ನಿದ್ರೆ ಆಯ್ತಪ್ಪ."

ಆ ಮಾತು ಕೇಳಿದ್ದೇ ಅವಳು ಧಡಕ್ಕನೆ ಎದ್ದು ಬಂದಳು. "ಹೌದಾ? ಅಣ್ಣಾ, ಸ್ವಿಚ್ ಬೋರ್ಡಿಗೆ ವೈರ್ ಹೇಗೆ ಎಳೀತೀಯ? ನರ್ಸಮ್ಮನಿಗೆ ಹೇಳು."

"ಅದೇನ್ ಮಹಾ... ಮೊದಲು ಮೇನ್ ಆಫ್ ಮಾಡಿ..."

ಅವಳು ಅವನ ಕಿವಿಗೆ ಬಾಯಿಟ್ಟಳು. "ಕೈಲಾಗದವನೇ. ನಿಂಗೇನ್ ಬರುತ್ತೆ? ಎಲ್ಲರೂ ನಗ್ತಿದಾರೆ. ನಿನ್ನ ಅಮ್ಮನಿಗೂ ನೀನು ಬೇಡ. ದಂಡಪಿಂಡ. ನಗ್ತಿದಾರೆ ನೋಡು, ನೋಡು..."

"ಆಮೇಲೆ ಕೆಂಪು ವೈರು... ಅಲ್ಲ, ಮೊದಲು ಮೇನ್... ಕೆಂಪು..." ಅಣ್ಣನ ಹಣೆ ಬೆವರಿತು. ಅವಳು ಬಿಡಲಿಲ್ಲ. "ಥೂ! ಸಾಕು ನಿಲ್ಸೇ!" ಎಂದು ಅವನು ಚೀರಿದ.

"ನಾನು ನಿಲ್ಲಿಸ್ತೀನಿ ಅಣ್ಣ. ಅದು ನಿಲ್ಲಿಸಲ್ಲ. ಅದನ್ನ ಕಿವೀಲಿ ಇಟ್ಕೊಂಡೇ ನಾನು ಕಾಲರ್ ಹೊಲೀತಿದ್ದೆ. ನೀನು ಬಂದು ಎಲ್ಲರ ಮುಂದೆ ಅದು ಹೇಳೋ ಮಾತನ್ನೇ ಹೇಳಿದೆ."

ಅಣ್ಣ ಅಲ್ಲೇ ನೆಲದ ಮೇಲೆ ಕೂತ. "ನಂಗೆ ಗೊತ್ತಿರ್ಲಿಲ್ಲ ಕಣೇ" ಎಂದ.

"ಕೇಳಿದ್ರೆ ತಾನೇ ಗೊತ್ತಾಗೋದು!" ಅವಳ ಕೋಪವಿನ್ನೂ ಆರಿರಲಿಲ್ಲ. ಆರಬೇಕೆಂದು ಯಾರೂ ಹೇಳಲೂ ಇಲ್ಲ.

ನರ್ಸಮ್ಮ ಅವಳ ಪಕ್ಕ ಕೂತರು. "ಬರೋ ದನಿ ನಿಂಗೆ ನಿಜವಾಗ್ಲೂ ಕೇಳುತ್ತೆ, ನಾನು ಒಪ್ತೀನಿ. ಅದು ಹೇಳಿದ್ದೆಲ್ಲ ನಿಜ ಅಲ್ಲ. ಹೇಳಿದ್ದನ್ನ ಮಾಡ್ಬೇಕು ಅಂತನೂ ಇಲ್ಲ. ಜೋರಾದಾಗ ಹಾಡು ಗುನುಗು, ಏನಾದ್ರೂ ಗಟ್ಟಿಯಾಗಿ ಓದು, ಯಾರ ಹತ್ರನಾದ್ರೂ ಮಾತಾಡು. ನಾಲ್ಕು ಜನರ ಮಧ್ಯೆ ಅದಕ್ಕೆ ಉತ್ತರ ಕೊಡ್ಲೇಬೇಕು ಅನ್ನಿಸಿದ್ರೆ ಫೋನ್ ಕಿವಿಗಿಟ್ಕೊಂಡು ಬೈದುಬಿಡು. ಒಬ್ಬೊಬ್ಬರಿಗೆ ಒಂದೊಂದು ಹಿಡಿಸುತ್ತೆ, ನಿಂಗ್ಯಾವುದು ಅಂತ ನೀನೇ ನೋಡ್ಕೋ. ಆದ್ರೆ ನಿನಗೋ ಬೇರೆಯವರಿಗೋ ಪೆಟ್ಟು ಮಾಡು ಅಂತ ಅದು ಹೇಳಿದ್ರೆ ಮಾತ್ರ ಒಬ್ಬಳೇ ಇರಬೇಡ. ತಕ್ಷಣ ಅಮ್ಮನಿಗೆ ಹೇಳಿ ಆಸ್ಪತ್ರೆಗೆ ಬಾ."

ಅವತ್ತೇ ಅಣ್ಣ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಮಾತ್ರೆ ಮತ್ತೆ ಶುರು ಮಾಡಿಸಿದರು, ಆಮೇಲೆ ನೋಡಿಕೊಂಡು ಪ್ರಮಾಣ ಬದಲಿಸಿದರು. ನಿದ್ದೆ ಮರಳಲು ದಿನಗಳೇ ಹಿಡಿದವು. ಚೇತರಿಸಿಕೊಂಡು ಕಾರ್ಖಾನೆಗೆ ಹೊರಟಾಗ ಅಣ್ಣನೂ ಜೊತೆಗೆ ಬಂದು, "ಅವತ್ತು ನಾನು ಅಂದಿದ್ದು ತಪ್ಪು" ಎಂದು ಎಲ್ಲರ ಮುಂದೆ ಹೇಳಿದ. ಉಳಿದದ್ದನ್ನು ಅವಳೇ ಸೂಪರ್‌ವೈಸರಿಗೆ ಹೇಳಿದಳು. "ಟೀ ಕುಡಿಯೋಕೆ ಬಿಡ್ತೀರಿ, ಸಿಗರೇಟಿಗೆ ಬಿಡ್ತೀರಿ. ದನಿ ಜೋರಾದಾಗ ನಾನೂ ಹೊರಗೆ ಹೋಗಿ ಬರ್ತೀನಿ." ಅವನು ತಲೆ ಕೆರೆದುಕೊಂಡು ಒಪ್ಪಿದ.

ದನಿ ಈಗಲೂ ಬರುತ್ತದೆ. ಒಮ್ಮೊಮ್ಮೆ ಅವಳು ಕಾರ್ಖಾನೆಯ ಅಂಗಳದಲ್ಲಿ ನಿಂತು ಫೋನ್ ಹಿಡಿದು ಬೈಯುತ್ತಿರುತ್ತಾಳೆ. "ಪಾಪ, ಆ ಕಡೆ ಇರೋದ್ಯಾರಕ್ಕ?" ಎಂದು ಪಕ್ಕದ ಮಷಿನ್‌ನವಳು ಕೇಳಿದರೆ, "ಹಳೇ ಪರಿಚಯ, ಮರ್ಯಾದೆ ಗೊತ್ತಿಲ್ಲ" ಎನ್ನುತ್ತಾಳೆ. ಆಮೇಲೆ ಒಳಗೆ ಬಂದು ಮಷಿನ್ ತುಳಿಯುತ್ತಾಳೆ.

ಅಪ್ಪಂದಿರೇ, ಅಮ್ಮಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥವರಿರಬಹುದು. ಡಾಕ್ಟರನ್ನು ಕೇಳದೆ ಅವರ ಮಾತ್ರೆ ನಿಲ್ಲಿಸಬೇಡಿ. ಅವರ ಎದುರಿಗೇ ಅವರು ಇಲ್ಲವೆಂಬಂತೆ ಮಾತಾಡಬೇಡಿ. ಹುಚ್ಚು ಎಂಬ ಮಾತು ನಾಲಿಗೆಗೆ ಬಂದರೆ ಅಲ್ಲೇ ನುಂಗಿಕೊಳ್ಳಿ. ಮತ್ತೆ ನೀವು, ದನಿ ಕೇಳಿಸಿಕೊಳ್ಳುತ್ತಲೇ ಇದನ್ನು ಓದುತ್ತಿರುವವರೇ, ನೀವು ಒಬ್ಬರೇ ಅಲ್ಲ. ಹತ್ತಿರದ ಆಸ್ಪತ್ರೆಗೆ ಹೋಗಿ, ಎಲ್ಲವನ್ನೂ ಬಿಚ್ಚಿ ಹೇಳಿ. ಬೈಯುವ ದನಿ ಎಷ್ಟಾದರೂ ಬೈಯಲಿ, ನಿಮ್ಮ ಮಾತನ್ನು ನೀವೇ ಆಡಿ.